ಟರ್ಮಿನಲ್ ಕಾಲದ ಬಾಹ್ಯಾಕಾಶ ಯುದ್ಧ: ಕಾಂಕ್ವೆಸ್ಟ್ ಆಡುವ ಕ್ರಮ

ಕಾಂಕ್ವೆಸ್ಟ್ ಎಂಬುದು ಒಂದೇ ಕಂಪ್ಯೂಟರಿಗೆ ಜೋಡಿಸಿದ ಹಲವಾರು ಟರ್ಮಿನಲ್‌ಗಳ ಮುಂದೆ ಕುಳಿತವರು ಏಕಕಾಲದಲ್ಲಿ ಆಡುತ್ತಿದ್ದ ಬಾಹ್ಯಾಕಾಶ ಯುದ್ಧದ ಆಟ. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ವ್ಯಾಕ್ಸ್ ಯಂತ್ರಗಳಿಗಾಗಿ, ಅವುಗಳ ವಿಎಂಎಸ್ ಕಾರ್ಯವ್ಯವಸ್ಥೆಯ ಮೇಲೆ ಓಡುವಂತೆ, ಜೆಫ್ ಪೊಸ್ಕಾಂಜರ್ ಮತ್ತು ಕ್ರೇಗ್ ಲೆರೆಸ್ ಇದನ್ನು 1980ರ ದಶಕದ ಮೊದಲ ಭಾಗದಲ್ಲಿ ರ್ಯಾಟ್‌ಫರ್ ಎಂಬ ಭಾಷೆಯಲ್ಲಿ ಬರೆದರು. 1990ರ ದಶಕದಲ್ಲಿ ಜಾನ್ ಟ್ರಲ್ಸನ್ ಇದನ್ನು ಸಿ ಭಾಷೆಗೆ ತಿರುಗಿಸಿ ಯೂನಿಕ್ಸ್ ಯಂತ್ರಗಳಿಗೆ ತಂದುದರಿಂದ, ವ್ಯಾಕ್ಸ್ ಯಂತ್ರವನ್ನು ಕಣ್ಣಾರೆ ಕಂಡಿರದವರೂ ಇಂದು ಲಿನಕ್ಸ್ ಗಣಕದಲ್ಲಿ ಇದನ್ನು ಆಡಬಹುದು. ಈ ಬಗೆಯ ಆಟಗಳ ಮೂಲವನ್ನು ಹುಡುಕುತ್ತಾ ಹೋದರೆ, ಪ್ಲೇಟೊ ಎಂಬ ಶೈಕ್ಷಣಿಕ ಗಣಕ ಜಾಲಕ್ಕಾಗಿ ಅಯೋವ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಜಾನ್ ಡಲೆಸ್ಕಿ 1973ರಲ್ಲಿ ಬರೆದ ಎಂಪೈರ್ ಆಟಕ್ಕೆ ತಲುಪುತ್ತೇವೆ. ನಾಲ್ಕು ತಂಡಗಳು, ಗ್ರಹಗಳ ವಶ, ಕೋನವನ್ನು ಅಂಕಿಯಲ್ಲಿ ಬರೆದು ಗುರಿಯಿಡುವ ಪದ್ಧತಿ ಇವೆಲ್ಲ ಆ ಕುಟುಂಬದ ಲಕ್ಷಣಗಳು.

ಹೊಸದಾಗಿ ಆಡಲು ಕುಳಿತವರು ಇದನ್ನು ಗುಂಡು ಹಾರಿಸುವ ಆಟವೆಂದು ತಿಳಿಯುವುದು ಸಹಜ. ಆದರೆ ಎದುರಾಳಿಯ ನೌಕೆಗಳನ್ನು ಎಷ್ಟು ಉರುಳಿಸಿದರೂ ಗೆಲುವು ದೊರೆಯುವುದಿಲ್ಲ. ಗ್ರಹಗಳು ಕೈಗೆ ಬಂದರೆ ಮಾತ್ರ ಗೆಲುವು. ಗ್ರಹ ಕೈಗೆ ಬರಬೇಕಾದರೆ ಸೇನೆಗಳನ್ನು ಹೊತ್ತು ತಂದು ಇಳಿಸಬೇಕು. ಸೇನೆ ಹೊರಬೇಕಾದರೆ ಮೊದಲು ಶತ್ರುಸಂಹಾರದ ಅಂಕ ಇರಬೇಕು. ಯುದ್ಧವು ಸಾಗಣೆಯ ಅನುಮತಿಗಾಗಿ, ಸಾಗಣೆಯು ಗ್ರಹಕ್ಕಾಗಿ. ಈ ಸರಪಳಿ ಮನಸ್ಸಿನಲ್ಲಿ ನಿಂತರೆ ಮುಂದಿನ ಆದೇಶಗಳೆಲ್ಲ ತಮ್ಮ ತಮ್ಮ ಸ್ಥಾನದಲ್ಲಿ ಕೂರುತ್ತವೆ.

ಯಂತ್ರದ ಒಳಗೆ ನಡೆಯುವುದು

ಇಂದಿನ ಜಾಲದ ಆಟಗಳಲ್ಲಿ ಪ್ರತಿಯೊಬ್ಬರ ಬಳಿಯೂ ಒಂದು ಗಣಕವಿದ್ದು, ಎಲ್ಲವೂ ದೂರದ ಸರ್ವರ್ ಜೊತೆ ಮಾತನಾಡುತ್ತವೆ. ಮೂಲ ಕಾಂಕ್ವೆಸ್ಟ್‌ನಲ್ಲಿ ಹಾಗಿರಲಿಲ್ಲ. ಆಟಗಾರನ ಮುಂದಿದ್ದುದು ಕೀಲಿಮಣೆ ಮತ್ತು ಪರದೆ ಮಾತ್ರವಿದ್ದ ಟರ್ಮಿನಲ್. ಲೆಕ್ಕವೆಲ್ಲ ನಡೆಯುತ್ತಿದ್ದುದು ಬೇರೆ ಕೋಣೆಯಲ್ಲಿದ್ದ ಒಂದೇ ಯಂತ್ರದಲ್ಲಿ. ಪ್ರತಿ ಆಟಗಾರನಿಗೂ ಆ ಯಂತ್ರದಲ್ಲಿ ಒಂದೊಂದು ಪ್ರಕ್ರಿಯೆ, ಅಂದರೆ ಓಡುತ್ತಿರುವ ಕಾರ್ಯಕ್ರಮ, ಇರುತ್ತಿತ್ತು. ನೌಕೆಗಳು, ಗ್ರಹಗಳು, ಹಾರುತ್ತಿರುವ ಟಾರ್ಪಿಡೊಗಳು, ಸಂದೇಶಗಳು ಹೀಗೆ ಇಡೀ ವಿಶ್ವದ ಸ್ಥಿತಿಯು ಎಲ್ಲ ಪ್ರಕ್ರಿಯೆಗಳೂ ಹಂಚಿಕೊಂಡ ಸ್ಮೃತಿಯ ಒಂದು ಭಾಗದಲ್ಲಿ ಇರುತ್ತಿತ್ತು. ಅದನ್ನು ಕಾಮನ್ ಬ್ಲಾಕ್ ಎಂದು ಕರೆಯುತ್ತಾರೆ. ಡ್ರೈವರ್ ಎಂಬ ಪ್ರತ್ಯೇಕ ಕಾರ್ಯಕ್ರಮವು ಕಾಲವನ್ನು ಮುಂದಕ್ಕೆ ನಡೆಸುತ್ತಾ, ನೌಕೆಗಳನ್ನು ಅವುಗಳ ವೇಗಕ್ಕೆ ತಕ್ಕಂತೆ ಸರಿಸುತ್ತಾ, ಟಾರ್ಪಿಡೊಗಳನ್ನು ಸಿಡಿಸುತ್ತಾ ಇರುತ್ತಿತ್ತು. ಯಾರೂ ಯಾವ ಕೀಲಿಯನ್ನೂ ಒತ್ತದಿದ್ದರೂ ವಿಶ್ವ ನಿಲ್ಲುತ್ತಿರಲಿಲ್ಲ. ಸರದಿಯಂತೆ ನಡೆಯುವ ಆಟಗಳಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ: ನೀವು ಯೋಚಿಸುತ್ತಿರುವಾಗಲೂ ನಿಮ್ಮ ನೌಕೆ ಹೋಗುತ್ತಲೇ ಇರುತ್ತದೆ.

ಟರ್ಮಿನಲ್‌ಗೂ ಯಂತ್ರಕ್ಕೂ ನಡುವಿನ ತಂತಿ ನಿಧಾನವಾದುದಾಗಿತ್ತು. 80 ಅಂಕಣ, 24 ಸಾಲುಗಳ ಪರದೆಯಲ್ಲಿ 1,920 ಅಕ್ಷರಗಳಿಗೆ ಜಾಗ. ಸೆಕೆಂಡಿಗೆ 9,600 ಬಿಟ್ ಸಾಗುವ ತಂತಿಯಲ್ಲಿ, ಅಕ್ಷರವೊಂದಕ್ಕೆ 10 ಬಿಟ್ ಎಂದು ಹಿಡಿದರೆ, ಪರದೆಯನ್ನು ಪೂರ್ತಿ ಬರೆಯಲು ಎರಡು ಸೆಕೆಂಡು ಬೇಕು. 1,200 ಬಿಟ್‌ನ ದೂರವಾಣಿ ಸಂಪರ್ಕದಲ್ಲಿ ಹದಿನಾರು ಸೆಕೆಂಡು. ಆದ್ದರಿಂದ ಇಂತಹ ಆಟಗಳು ಬದಲಾದ ಅಕ್ಷರಗಳನ್ನಷ್ಟೇ ಕಳುಹಿಸುತ್ತವೆ. ಪರಿಣಾಮವೇನೆಂದರೆ, ಪರದೆಯಲ್ಲಿ ಕಾಣುವ ಶತ್ರು ಸ್ವಲ್ಪ ಹೊತ್ತಿಗೆ ಮುಂಚೆ ಅಲ್ಲಿದ್ದ ಶತ್ರು. ಇಂದಿನ ಸಂಪರ್ಕಗಳಲ್ಲಿ ಈ ವಿಳಂಬ ಬಹಳ ಕಡಿಮೆಯಾಗಿದ್ದರೂ, ಒಂದು ಅಕ್ಷರದ ಜಾಗದೊಳಗೆ ಬಹಳಷ್ಟು ದೂರ ಅಡಗಿರುವುದರಿಂದ ಅಂದಾಜಿನ ಅಗತ್ಯ ಹೋಗಿಲ್ಲ.

ಆಟಕ್ಕೆ ಸಿದ್ಧತೆ

ಲಿನಕ್ಸ್‌ನಲ್ಲಿ ಆಡುವವರು ಯೂನಿಕ್ಸ್ ಆವೃತ್ತಿಯ ಮೂಲ ಸಂಕೇತವನ್ನು ತಂದು, ಅದರೊಂದಿಗೆ ಬರುವ ಸ್ಥಾಪನೆಯ ಸೂಚನೆಯಂತೆ ಕಂಪೈಲ್ ಮಾಡಿ (ಯಂತ್ರ ಓಡಿಸಬಲ್ಲ ರೂಪಕ್ಕೆ ತಂದು), ಮೇಲ್ವಿಚಾರಕರು ಬಳಸುವ ಆಪರೇಟರ್ ಕಾರ್ಯಕ್ರಮದ ಮೂಲಕ ವಿಶ್ವವನ್ನು ಮೊದಲ ಸ್ಥಿತಿಗೆ ತಂದು, ಬಳಿಕ ಸರ್ವರ್ ಅನ್ನು ಚಾಲೂ ಮಾಡಬೇಕು. ವಿಶ್ವವನ್ನು ಹೀಗೆ ಸಿದ್ಧಗೊಳಿಸದೆ ಆಟವನ್ನು ತೆರೆದರೆ ಪ್ರವೇಶ ಸಿಗುವುದಿಲ್ಲ. ಕಾಮನ್ ಬ್ಲಾಕ್ ಖಾಲಿಯಾಗಿರುತ್ತದೆ. ಚಿತ್ರಾತ್ಮಕ ರೂಪವೂ ಇದೆ, ಆದರೆ ಆಟದ ಜಾಯಮಾನ ತಿಳಿಯಬೇಕೆಂದರೆ ಅಕ್ಷರಗಳ ರೂಪದಲ್ಲೇ ಆರಂಭಿಸುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಟರ್ಮಿನಲ್ ಕಿಟಕಿ 80 ಅಂಕಣ, 24 ಸಾಲಿಗಿಂತ ಚಿಕ್ಕದಾಗಿರಬಾರದು. ಎಲ್ಲ ಅಕ್ಷರಗಳೂ ಒಂದೇ ಅಗಲವಿರುವ ಅಚ್ಚು ಇರಲೇಬೇಕು. ಹಲವರು ಒಂದೇ ಯಂತ್ರಕ್ಕೆ ಎಸ್‌ಎಸ್‌ಎಚ್ (ದೂರದ ಯಂತ್ರವನ್ನು ಜಾಲದ ಮೂಲಕ ಪ್ರವೇಶಿಸುವ ಸಾಧನ) ಮೂಲಕ ಲಾಗಿನ್ ಆಗಿ ಆಡಿದರೆ ಹಳೆಯ ಏರ್ಪಾಟಿಗೆ ಬಹಳ ಹತ್ತಿರವಾದ ಅನುಭವ ದೊರೆಯುತ್ತದೆ.

ಮೊದಲ ಪ್ರವೇಶದಲ್ಲಿ ಫೆಡರೇಷನ್, ರೋಮ್ಯುಲನ್, ಕ್ಲಿಂಗಾನ್, ಓರಿಯನ್ ಎಂಬ ನಾಲ್ಕು ತಂಡಗಳಲ್ಲಿ ಒಂದು ನಿಮ್ಮದಾಗುತ್ತದೆ. ಅನಂತರ ನಿಮ್ಮ ನೌಕೆಯು ತಂಡದ ಸ್ವಂತ ಗ್ರಹಗಳ ಸಮೀಪದಲ್ಲಿ ಕಾಣಿಸಿಕೊಳ್ಳುತ್ತದೆ.

ಪರದೆಯನ್ನು ಓದುವುದು

ಎಡಭಾಗದ ಕಿರಿದಾದ ಪಟ್ಟಿಯಲ್ಲಿ ನೌಕೆಯ ಸ್ಥಿತಿ, ಉಳಿದ ವಿಶಾಲ ಭಾಗದಲ್ಲಿ ಸುತ್ತಲಿನ ಆಕಾಶ, ಕೆಳಗಿನ ಸಾಲುಗಳಲ್ಲಿ ಪ್ರಶ್ನೆಗಳು ಮತ್ತು ಸಂದೇಶಗಳು. ಆಕಾಶದ ನಡುವೆ ಇರುವುದು ನಿಮ್ಮ ನೌಕೆ; ನೀವು ಚಲಿಸಿದಂತೆ ಉಳಿದದ್ದೆಲ್ಲ ಸರಿಯುತ್ತದೆ. ನೌಕೆಗಳನ್ನು ತಂಡದ ಮೊದಲ ಅಕ್ಷರ ಮತ್ತು ಸಂಖ್ಯೆಯಿಂದ ಗುರುತಿಸಲಾಗುತ್ತದೆ. ದೊಡ್ಡ ಅಕ್ಷರದ ಎಂ ಒತ್ತಿದರೆ ಸಮೀಪದ ನೋಟದಿಂದ ಇಡೀ ಪ್ರದೇಶದ ನಕ್ಷೆಗೂ, ಮತ್ತೆ ಒತ್ತಿದರೆ ಹಿಂದಕ್ಕೂ ಹೋಗಬಹುದು.

ಎಡಪಟ್ಟಿಯಲ್ಲಿ ಗಮನವಿಡಬೇಕಾದ ಅಂಕಿಗಳು ಹಲವು. ರಕ್ಷಾಕವಚವು 100ರಿಂದ ಇಳಿಯುತ್ತದೆ, ಹಾನಿಯು 0ಯಿಂದ ಏರುತ್ತದೆ. ಹಾನಿ 100 ಮುಟ್ಟಿದರೆ ನೌಕೆ ನಾಶ. ಹಾನಿ ಏರಿದಂತೆ ನೌಕೆ ಮುಟ್ಟಬಹುದಾದ ಗರಿಷ್ಠ ವೇಗವೂ ತಗ್ಗುತ್ತದೆ. ಓಡಿಹೋಗಬೇಕಾದ ಹೊತ್ತಿಗೆ ಓಟ ಕೈಕೊಡುತ್ತದೆ. ಇಂಧನ ಒಂದು ಅಂಕಿ. ಆಯುಧಗಳ ತಾಪ, ಎಂಜಿನ್ನಿನ ತಾಪ ಇನ್ನೆರಡು. ಇವು ಮಿತಿಮೀರಿದರೆ ತಣ್ಣಗಾಗುವವರೆಗೆ ಆಯುಧವಾಗಲಿ ಎಂಜಿನ್ನಾಗಲಿ ಕೆಲಸ ಮಾಡುವುದಿಲ್ಲ. ಸಂಹಾರದ ಅಂಕ, ಹೊತ್ತಿರುವ ಸೇನೆಗಳ ಸಂಖ್ಯೆ ಇವೂ ಅಲ್ಲೇ ಇರುತ್ತವೆ. ಪರದೆ ಅಸ್ತವ್ಯಸ್ತವಾಗಿ ಕಂಡರೆ ಕಂಟ್ರೋಲ್ ಕೀಲಿಯೊಂದಿಗೆ ಎಲ್ ಒತ್ತಿದರೆ ಹೊಸದಾಗಿ ಬರೆಯಲ್ಪಡುತ್ತದೆ.

ದಿಕ್ಕು ಮತ್ತು ವೇಗ

ವೇಗಕ್ಕೆ ಅಂಕಿಯ ಕೀಲಿಗಳು. 0 ಎಂದರೆ ನಿಲುಗಡೆ, 9 ಎಂದರೆ ವಾರ್ಪ್ (ಆಟದಲ್ಲಿ ವೇಗದ ಅಳತೆ) ಒಂಬತ್ತು, ಸಮಚಿಹ್ನೆ ಎಂದರೆ ಹತ್ತು. ಅಂಕಿ ಒತ್ತಿದ ಕೂಡಲೇ ಆ ವೇಗ ಬರುವುದಿಲ್ಲ. ನೌಕೆ ಕ್ರಮೇಣ ಏರಿ ಕ್ರಮೇಣ ಇಳಿಯುತ್ತದೆ. ದಿಕ್ಕಿಗೆ ಸಣ್ಣ ಅಕ್ಷರದ ಕೆ. ಅದನ್ನು ಒತ್ತಿದಾಗ ಕೆಳಗೆ ಪ್ರಶ್ನೆ ಬರುತ್ತದೆ. ಅಲ್ಲಿ ಕೋನವನ್ನು ಅಂಕಿಯಲ್ಲಿ ಬರೆಯಬಹುದು, ಗ್ರಹದ ಹೆಸರನ್ನೂ ಬರೆಯಬಹುದು. ಹೆಸರು ಬರೆದರೆ ಅದರ ಕಡೆಗಿನ ಕೋನವನ್ನು ಯಂತ್ರವೇ ಲೆಕ್ಕ ಹಾಕುತ್ತದೆ.

ಕೋನಗಳನ್ನು ಗಣಿತದ ಪದ್ಧತಿಯಲ್ಲಿ ಎಣಿಸಬೇಕು, ದಿಕ್ಸೂಚಿಯ ಪದ್ಧತಿಯಲ್ಲಲ್ಲ. ಸೊನ್ನೆ ಬಲಕ್ಕೆ, 90 ಮೇಲಕ್ಕೆ, 180 ಎಡಕ್ಕೆ, 270 ಕೆಳಕ್ಕೆ. ಉತ್ತರವನ್ನು ಸೊನ್ನೆಯೆಂದು ತಿಳಿದವರು ಆರಂಭದಲ್ಲಿ ಶತ್ರುವನ್ನು ಬಿಟ್ಟು ಬರಿಯ ಆಕಾಶಕ್ಕೆ ಗುಂಡು ಹಾರಿಸುತ್ತಿರುತ್ತಾರೆ. ಅವಸರದಲ್ಲಿ ಅಂಕಿ ಬರೆಯಲು ಹೊತ್ತಾಗುವುದರಿಂದ ಎಸ್ ಕೀಲಿಯ ಸುತ್ತಲಿನ ಎಂಟು ಕೀಲಿಗಳಿಗೆ ದಿಕ್ಕುಗಳನ್ನು ಕೊಡಲಾಗಿದೆ. ಎಸ್ ಅನ್ನು ನಿಮ್ಮ ನೌಕೆಯೆಂದು ಭಾವಿಸಿಕೊಳ್ಳಿ: ಬಲದ ಡಿ 0, ಬಲಮೇಲಿನ ಇ 45, ಮೇಲಿನ ಡಬ್ಲ್ಯೂ 90, ಎಡಮೇಲಿನ ಕ್ಯೂ 135, ಎಡದ ಎ 180, ಎಡಕೆಳಗಿನ ಜೆಡ್ 225, ಕೆಳಗಿನ ಎಕ್ಸ್ 270, ಬಲಕೆಳಗಿನ ಸಿ 315. ಎರಡು ನೆರೆಯ ಕೀಲಿಗಳನ್ನು ಒಟ್ಟಿಗೆ ಬರೆದರೆ ಅವುಗಳ ನಡುವಿನ ಕೋನ ದೊರೆಯುತ್ತದೆ. ಡಿ ಮತ್ತು ಇ ಎಂದರೆ 22.5. ಪ್ಲೇಟೊ ಕೀಲಿಮಣೆಯಲ್ಲಿಯೂ ಇದೇ ಎಂಟು ಕೀಲಿಗಳು ದಿಕ್ಕಿನ ಬಾಣಗಳಾಗಿದ್ದವು. ಎಡಗೈಯನ್ನು ಈ ಎಂಟು ಕೀಲಿಗಳ ಮೇಲೆಯೇ ನಿಲ್ಲಿಸಿಕೊಂಡು ಆಡುವ ಅಭ್ಯಾಸವನ್ನು ಮೊದಲ ಆಟದಿಂದಲೇ ಮಾಡಿಕೊಳ್ಳಬೇಕು.

ಕೋನವನ್ನು ಕಣ್ಣಿನಿಂದ ಅಳೆಯುವುದು

ಆಟದ ನಿಜವಾದ ಕೌಶಲ ಇರುವುದು ಇಲ್ಲಿ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳಬೇಕು. ಟರ್ಮಿನಲ್‌ನಲ್ಲಿ ಅಕ್ಷರವೊಂದು ಅಗಲಕ್ಕಿಂತ ಸುಮಾರು ಎರಡು ಪಟ್ಟು ಎತ್ತರವಾಗಿರುತ್ತದೆ. ಆಕಾಶದ ನೋಟವನ್ನು ಇದಕ್ಕೆ ಹೊಂದಿಸಿಯೇ ಬರೆಯಲಾಗುತ್ತದೆ. ಅಂದರೆ ಮೇಲೆ ಕೆಳಗೆ ಒಂದು ಸಾಲು ಎಂಬುದು ಅಡ್ಡಲಾಗಿ ಎರಡು ಅಂಕಣಗಳಷ್ಟು ದೂರಕ್ಕೆ ಸಮ. ಸಾಲು ಅಂಕಣಗಳನ್ನು ಎಣಿಸಿ ಕೋನ ಕಟ್ಟುವವರು ಈ ಎರಡು ಪಟ್ಟಿನ ಲೆಕ್ಕವನ್ನು ಮರೆಯಬಾರದು.

ಉದಾಹರಣೆಗೆ, ಶತ್ರು ನಿಮ್ಮಿಂದ ಆರು ಅಂಕಣ ಬಲಕ್ಕೆ, ಮೂರು ಸಾಲು ಮೇಲಕ್ಕೆ ಇದ್ದಾನೆ ಎನ್ನೋಣ. ಮೂರು ಸಾಲನ್ನು ಎರಡರಿಂದ ಗುಣಿಸಿದರೆ ಆರು, ಅಡ್ಡ ಆರು, ಉದ್ದ ಆರು, ಕೋನ 45. ಇ ಕೀಲಿ ಸಾಕು. ಶತ್ರು ಹತ್ತು ಅಂಕಣ ಬಲಕ್ಕೆ, ಎರಡು ಸಾಲು ಮೇಲಕ್ಕೆ ಇದ್ದರೆ ಅಡ್ಡ ಹತ್ತು, ಉದ್ದ ನಾಲ್ಕು. ಕೋನ ಸುಮಾರು 22. ಡಿ ಮತ್ತು ಇ ಒಟ್ಟಿಗೆ ಬರೆದರೆ ಹತ್ತಿರಕ್ಕೆ ಬರುತ್ತದೆ. ಕೆಲವು ಅನುಪಾತಗಳನ್ನು ಬಾಯಿಪಾಠ ಮಾಡಿಕೊಂಡರೆ ಬಹಳ ಅನುಕೂಲ: ಉದ್ದವು ಅಡ್ಡದ ಕಾಲುಭಾಗವಿದ್ದರೆ ಕೋನ 14, ಮೂರರಲ್ಲೊಂದು ಭಾಗವಿದ್ದರೆ 18, ಅರ್ಧವಿದ್ದರೆ 27, ಮೂರರಲ್ಲಿ ಎರಡು ಭಾಗವಿದ್ದರೆ 34. ಶತ್ರು ಮೇಲಕ್ಕೆ ಹೆಚ್ಚು, ಪಕ್ಕಕ್ಕೆ ಕಡಿಮೆ ಇದ್ದರೆ ಇದೇ ಅಂಕಿಗಳನ್ನು 90ರಿಂದ ಕಳೆಯಬೇಕು. ಎಡಭಾಗದಲ್ಲಿದ್ದರೆ 180ರಿಂದ ಎಣಿಸಬೇಕು.

ನಿಖರವಾದ ಕೋನ ಬೇಕಾದರೆ ಸಣ್ಣ ಅಕ್ಷರದ ಐ ಇದೆ. ಅದು ಮಾಹಿತಿಯ ಆದೇಶ. ನೌಕೆಯ ಸಂಖ್ಯೆಯನ್ನೋ ಗ್ರಹದ ಹೆಸರನ್ನೋ ಬರೆದರೆ ದೂರವನ್ನೂ ಕೋನವನ್ನೂ ತಿಳಿಸುತ್ತದೆ. ಎನ್ ಮತ್ತು ಇ ಎಂದು ಎರಡು ಅಕ್ಷರ ಬರೆದರೆ ಅತ್ಯಂತ ಸಮೀಪದ ಶತ್ರುವಿನ ಮಾಹಿತಿ ಬರುತ್ತದೆ. ಹಿಂದೆ ಕೇಳಿದ್ದನ್ನೇ ಮತ್ತೆ ತಿಳಿಯಲು ರಿಟರ್ನ್ ಕೀಲಿ ಒತ್ತಿದರಾಯಿತು. ಯುದ್ಧದ ನಡುವೆ ಬಲಗೈಯ ಕಿರುಬೆರಳು ರಿಟರ್ನ್ ಕೀಲಿಯ ಮೇಲೆಯೇ ಇರುವುದು ಪಳಗಿದ ಆಟಗಾರರ ಗುರುತು.

ಎರಡು ಆಯುಧಗಳು, ಎರಡು ಸ್ವಭಾವ

ಫೇಸರ್ ಎಂಬ ಕಿರಣದ ಆಯುಧವು ಬೆಳಕಿನಂತೆ ತಕ್ಷಣ ತಲುಪುತ್ತದೆ. ಸಣ್ಣ ಅಕ್ಷರದ ಎಫ್ ಒತ್ತಿ ದಿಕ್ಕು ಬರೆಯಬೇಕು, ದೊಡ್ಡ ಅಕ್ಷರದ ಎಫ್ ಒತ್ತಿದರೆ ಹಿಂದಿನ ದಿಕ್ಕಿಗೇ ಮತ್ತೆ ಹಾರುತ್ತದೆ. ದೂರ ಹೆಚ್ಚಿದಷ್ಟೂ ಅದರ ಪೆಟ್ಟು ಸೊರಗುತ್ತದೆ, ಒಂದು ಮಿತಿಯ ಆಚೆಗೆ ತಲುಪುವುದೇ ಇಲ್ಲ. ದೂರದಿಂದ ಫೇಸರ್ ಹಾರಿಸುವುದೆಂದರೆ ಇಂಧನ ಸುರಿದು ಆಯುಧದ ತಾಪ ಏರಿಸಿಕೊಳ್ಳುವುದಷ್ಟೇ. ಶತ್ರು ಪಕ್ಕಕ್ಕೇ ಬಂದಾಗ ಮಾತ್ರ ಅದನ್ನು ಬಳಸಿ.

ಟಾರ್ಪಿಡೊ ನಿಧಾನ, ಆದರೆ ದೂರದಲ್ಲೂ ಅದರ ಪೆಟ್ಟು ಕುಂದುವುದಿಲ್ಲ. ಸಣ್ಣ ಅಕ್ಷರದ ಪಿ ಒಂದನ್ನು ಹಾರಿಸುತ್ತದೆ, ದೊಡ್ಡ ಅಕ್ಷರದ ಪಿ ಮೂರರ ಗುಂಪನ್ನು. ಏಕಕಾಲಕ್ಕೆ ಹಾರಾಟದಲ್ಲಿರಬಹುದಾದ ಟಾರ್ಪಿಡೊಗಳಿಗೆ ಮಿತಿಯಿದೆ. ಅದು ಮುಗಿದರೆ ಹಳೆಯವು ಸಿಡಿಯುವ ತನಕ ಕಾಯಬೇಕು, ಇಲ್ಲವೆ ದೊಡ್ಡ ಅಕ್ಷರದ ಡಿ ಒತ್ತಿ ನೀವೇ ಅವನ್ನು ಸಿಡಿಸಬೇಕು. ಟಾರ್ಪಿಡೊ ಶತ್ರುವಿಗೆ ನೇರವಾಗಿ ತಗುಲದೆ ಪಕ್ಕದಲ್ಲಿ ಹಾದುಹೋಗುತ್ತಿರುವ ಕ್ಷಣದಲ್ಲಿ ಹೀಗೆ ಸಿಡಿಸುವುದರಿಂದಲೂ ಅವನಿಗೆ ಹಾನಿ ಮಾಡಬಹುದು. ನಿಮ್ಮತ್ತ ಬರುತ್ತಿರುವ ಶತ್ರುವಿನ ಟಾರ್ಪಿಡೊಗಳನ್ನು ಸಣ್ಣ ಅಕ್ಷರದ ಡಿ ಸಿಡಿಸುತ್ತದೆ. ತೀರ ಹತ್ತಿರ ಬಂದ ಮೇಲೆ ಒತ್ತಿದರೆ ಆ ಸಿಡಿತ ನಿಮಗೂ ತಟ್ಟುತ್ತದೆ.

ಓಡುತ್ತಿರುವ ಶತ್ರುವಿಗೆ ಟಾರ್ಪಿಡೊ ತಾಗಬೇಕಾದರೆ ಅವನು ಇರುವಲ್ಲಿಗಲ್ಲ, ಇರಲಿರುವಲ್ಲಿಗೆ ಗುರಿಯಿಡಬೇಕು. ಎಷ್ಟು ಮುಂದಕ್ಕೆ? ಅವನು ನಿಮ್ಮ ದೃಷ್ಟಿರೇಖೆಗೆ ಅಡ್ಡಲಾಗಿ ಹೋಗುತ್ತಿದ್ದು, ಅವನ ವೇಗ ಟಾರ್ಪಿಡೊವಿನ ವೇಗದ ಅರ್ಧವಿದ್ದರೆ 30 ಡಿಗ್ರಿ ಮುಂದಕ್ಕೆ. ಮೂರರಲ್ಲೊಂದು ಭಾಗವಿದ್ದರೆ ಸುಮಾರು 20. ಕಾಲುಭಾಗವಿದ್ದರೆ ಸುಮಾರು 15. ಓರೆಯಾಗಿ ಹೋಗುತ್ತಿದ್ದರೆ ಇದಕ್ಕಿಂತ ಕಡಿಮೆ ಸಾಕು. ನೇರವಾಗಿ ನಿಮ್ಮ ಕಡೆಗೇ ಬರುತ್ತಿದ್ದರೆ ಅಥವಾ ನೇರವಾಗಿ ದೂರ ಸರಿಯುತ್ತಿದ್ದರೆ ಮುಂದಕ್ಕೆ ಇಡುವ ಅಗತ್ಯವೇ ಇಲ್ಲ. ಆದ್ದರಿಂದಲೇ ಬೆನ್ನಟ್ಟಿ ಬರುವವನಿಗೆ ಹಿಂದಕ್ಕೆ ಟಾರ್ಪಿಡೊ ಹಾರಿಸುತ್ತಾ ಓಡುವುದು ಬಹಳ ಫಲಕಾರಿ: ಅವನೇ ಅವುಗಳ ಮೇಲೆ ಬಂದು ಬೀಳುತ್ತಾನೆ. ಬೆನ್ನಟ್ಟುವವರು ನೇರ ಹಿಂದಿನಿಂದ ಹೋಗದೆ ಸ್ವಲ್ಪ ಓರೆಯಾಗಿ, ಆಗಾಗ ದಿಕ್ಕು ಬದಲಿಸುತ್ತಾ ಹೋಗಬೇಕೆಂಬುದೂ ಇದರಿಂದಲೇ ಹೊರಡುವ ಪಾಠ. ಎದುರಾಳಿಯ ಮುಂದಿನ ನಡೆ ಖಚಿತವಿಲ್ಲದಿದ್ದಾಗ, ಮೂರರ ಗುಂಪೊಂದನ್ನು ಅವನ ಈಗಿನ ಹಾದಿಗೂ ಇನ್ನೊಂದನ್ನು ಅವನು ತಿರುಗಬಹುದಾದ ಹಾದಿಗೂ ಹಾರಿಸುವುದು ಒಂದೇ ಕಡೆಗೆ ನಿಖರವಾಗಿ ಗುರಿಯಿಡುವುದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಇಂಧನದ ಲೆಕ್ಕ

ಈ ಆಟದಲ್ಲಿ ಎಲ್ಲಕ್ಕೂ ಇಂಧನ ಬೇಕು. ವೇಗ, ಆಯುಧ, ಮರೆಯಾಗುವ ಉಪಕರಣ ಇವುಗಳ ಜೊತೆಗೆ ರಕ್ಷಾಕವಚವನ್ನು ಸುಮ್ಮನೆ ಎತ್ತಿಟ್ಟುಕೊಂಡಿರುವುದಕ್ಕೂ ಖರ್ಚಿದೆ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ಶತ್ರು ಹತ್ತಿರದಲ್ಲಿ ಇಲ್ಲದಾಗ ಕವಚವನ್ನು ಇಳಿಸಿ, ಮಧ್ಯಮ ವೇಗದಲ್ಲಿ ಸಾಗುವುದು ಉತ್ತಮ. ಕವಚ ಎತ್ತಲು ಕೂಡುಚಿಹ್ನೆ, ಇಳಿಸಲು ಕಳೆಚಿಹ್ನೆ. ತಂಡದ ಗ್ರಹದ ಕಕ್ಷೆಯಲ್ಲಿ ನಿಂತರೆ ಇಂಧನವೂ ದುರಸ್ತಿಯೂ ವೇಗವಾಗಿ ಆಗುತ್ತವೆ, ಅದರಲ್ಲೂ ವಾಸಯೋಗ್ಯವಾದ ಎಂ ವರ್ಗದ ಗ್ರಹದಲ್ಲಿ. ದೊಡ್ಡ ಅಕ್ಷರದ ಆರ್ ಒತ್ತಿದರೆ ದುರಸ್ತಿಯ ಸ್ಥಿತಿಗೆ ಹೋಗುತ್ತೀರಿ. ಆಗ ನೌಕೆ ನಿಂತಿರುತ್ತದೆ, ಕವಚವೂ ಕೆಳಗಿರುತ್ತದೆ. ಸೂರ್ಯರ ಹತ್ತಿರ ಹೋದರೆ ನೌಕೆಗೆ ಹಾನಿಯಾಗುತ್ತದೆ ಎಂಬುದನ್ನೂ ನೆನಪಿಡಬೇಕು.

ದೊಡ್ಡ ಅಕ್ಷರದ ಎ ಮೂಲಕ ಶಕ್ತಿಯನ್ನು ಆಯುಧ ಮತ್ತು ಎಂಜಿನ್ನಿನ ನಡುವೆ ಹಂಚಬಹುದು. 30ರಿಂದ 70ರವರೆಗೆ ಯಾವ ಕಡೆಗೂ ವಾಲಿಸಬಹುದು. ದೂರದ ಪ್ರಯಾಣಕ್ಕೆ ಎಂಜಿನ್ನಿಗೆ ಹೆಚ್ಚು ಕೊಟ್ಟು, ಯುದ್ಧಕ್ಕೆ ಮುಂಚೆ ಆಯುಧಕ್ಕೆ ಹೆಚ್ಚು ಕೊಡಿ. ಈ ಬದಲಾವಣೆಯನ್ನು ಯುದ್ಧ ಆರಂಭವಾಗುವ ಮೊದಲೇ ಮಾಡುವುದು ಮುಖ್ಯ. ಗುಂಡು ಹಾರುತ್ತಿರುವಾಗ ಪ್ರಶ್ನೆಗೆ ಉತ್ತರ ಬರೆಯುತ್ತಾ ಕೂರಲು ಪುರುಸೊತ್ತು ಇರುವುದಿಲ್ಲ.

ಗ್ರಹವನ್ನು ವಶಪಡಿಸಿಕೊಳ್ಳುವುದು

ಇದು ಆಟದ ತಿರುಳು. ಶತ್ರುನೌಕೆಯೊಂದನ್ನು ನಾಶ ಮಾಡಿದಾಗ ನಿಮ್ಮ ಸಂಹಾರದ ಅಂಕ ಏರುತ್ತದೆ. ನೀವು ಹೊರಬಹುದಾದ ಸೇನೆಗಳ ಸಂಖ್ಯೆ ಈ ಅಂಕವನ್ನು ಅವಲಂಬಿಸಿದೆ, ನೌಕೆಯ ಗರಿಷ್ಠ ಮಿತಿಯವರೆಗೆ. ನಿಮ್ಮ ನೌಕೆ ನಾಶವಾದರೆ ಅಂಕ ಮತ್ತೆ ಸೊನ್ನೆಗೆ ಬರುತ್ತದೆ, ಹೊತ್ತಿದ್ದ ಸೇನೆಗಳೂ ಅದರೊಂದಿಗೇ ಹೋಗುತ್ತವೆ. ಆದ್ದರಿಂದ ಒಂದೆರಡು ನೌಕೆಗಳನ್ನು ಉರುಳಿಸಿದ ಆಟಗಾರ ಮತ್ತಷ್ಟು ಕಾದಾಟಕ್ಕೆ ನುಗ್ಗುವುದು ಅವಿವೇಕ. ಗಳಿಸಿದ ಅಂಕವನ್ನು ಸೇನೆಯಾಗಿ, ಸೇನೆಯನ್ನು ಗ್ರಹವಾಗಿ ಮಾರ್ಪಡಿಸಿಕೊಳ್ಳಬೇಕಾದುದು ಆ ಹೊತ್ತಿನ ಕೆಲಸ.

ತಂಡದ ಸ್ವಂತ ಗ್ರಹಕ್ಕೆ ಹೋಗಿ, ಸಮೀಪಿಸುತ್ತಿದ್ದಂತೆ ವೇಗವನ್ನು ಒಂದಕ್ಕೆ ಇಳಿಸಿ, ಸಣ್ಣ ಅಕ್ಷರದ ಓ ಒತ್ತಿ ಕಕ್ಷೆಗೆ ಸೇರಿ. ಕಳೆಚಿಹ್ನೆಯಿಂದ ಕವಚ ಇಳಿಸಿ. ಸಣ್ಣ ಅಕ್ಷರದ ಬಿ ಒತ್ತಿದರೆ ಸೇನೆ ಎತ್ತುವ ಅಥವಾ ಇಳಿಸುವ ಪ್ರಶ್ನೆ ಬರುತ್ತದೆ. ಗ್ರಹವನ್ನು ಪೂರ್ತಿ ಬರಿದು ಮಾಡಲು ಅವಕಾಶವಿಲ್ಲ. ಸೇನೆಗಳು ಒಂದೊಂದಾಗಿ ಏರುತ್ತವೆ. ಆ ಅವಧಿಯುದ್ದಕ್ಕೂ ನೌಕೆ ಕವಚವಿಲ್ಲದೆ ನಿಂತಿರುತ್ತದೆ ಎಂಬುದೇ ಇದರ ಅಪಾಯ. ಸಾಧ್ಯವಾದರೆ ತಂಡದ ಇನ್ನೊಬ್ಬರನ್ನು ಕಾವಲಿಗೆ ಕರೆಯಿರಿ.

ಇನ್ನು ಗುರಿಯ ಆಯ್ಕೆ. ತಂಡದವರು ಹತ್ತಿರ ಹೋಗಿ ನೋಡಿರದ ಗ್ರಹದ ಸೇನಾಬಲ ನಿಮಗೆ ತಿಳಿಯದು. ಪ್ರಶ್ನಾರ್ಥಕ ಚಿಹ್ನೆ ಒತ್ತಿದರೆ ಬರುವ ಗ್ರಹಗಳ ಪಟ್ಟಿಯಲ್ಲಿ ಅಂತಹವು ಬೇರೆಯಾಗಿ ಕಾಣುತ್ತವೆ. ಹಗುರವಾದ ಹೊತ್ತಿನಲ್ಲಿ, ಯಾವ ಯುದ್ಧವೂ ಇಲ್ಲದಾಗ, ಗಡಿಯ ಗ್ರಹಗಳನ್ನು ಸುತ್ತಿ ನೋಡಿಬರುವುದು ತಂಡಕ್ಕೆ ದೊಡ್ಡ ಉಪಕಾರ. ಇದಕ್ಕೆ ಅಂಕ ಸಿಗುವುದಿಲ್ಲವೆಂದು ಯಾರೂ ಮಾಡುವುದಿಲ್ಲ. ಸೋಲುವ ತಂಡಗಳಲ್ಲಿ ಈ ಉದಾಸೀನವೇ ಹೆಚ್ಚು ಎದ್ದು ಕಾಣುತ್ತದೆ.

ಶತ್ರುಗ್ರಹದ ಕಕ್ಷೆ ಸೇರಿದ ಮೇಲೆ ದೊಡ್ಡ ಅಕ್ಷರದ ಬಿ ಬಾಂಬ್ ದಾಳಿಯನ್ನು ಆರಂಭಿಸುತ್ತದೆ. ಆ ತಂಡದೊಂದಿಗೆ ನೀವು ಯುದ್ಧದಲ್ಲಿರಬೇಕು. ಇಲ್ಲದಿದ್ದರೆ ದೊಡ್ಡ ಅಕ್ಷರದ ಡಬ್ಲ್ಯೂ ಮೂಲಕ ಮೊದಲು ಯುದ್ಧ ಘೋಷಿಸಬೇಕು. ಗ್ರಹವೂ ತಿರುಗಿ ಗುಂಡು ಹಾರಿಸುತ್ತದೆ. ಸೇನೆ ಹೆಚ್ಚಿದ್ದಷ್ಟೂ ಅದರ ಪೆಟ್ಟು ಹೆಚ್ಚು. ದಾಳಿ ಮುಂದುವರಿದಂತೆ ಸೇನೆ ಕುಗ್ಗುತ್ತದೆ, ಆದರೆ ಕೊನೆಯ ಕೆಲವನ್ನು ಬಾಂಬಿನಿಂದ ಅಳಿಸಲು ಬಾರದು. ಅವನ್ನು ಎದುರಿಸುವುದಕ್ಕೇ ನೀವು ತಂದ ಸೇನೆ. ಸಣ್ಣ ಅಕ್ಷರದ ಬಿ ಒತ್ತಿ ಇಳಿಸಿದರೆ ಇಳಿದ ಸೇನೆ ಉಳಿದ ಸೇನೆಯನ್ನು ಸವೆಸುತ್ತದೆ, ಶತ್ರುಬಲ ಮುಗಿದ ಬಳಿಕ ಗ್ರಹ ನಿಮ್ಮ ತಂಡದ್ದಾಗುತ್ತದೆ. ಗ್ರಹ ವಶವಾದೊಡನೆ ಎಲ್ಲ ಸೇನೆಗಳನ್ನೂ ಮುಂದಿನ ಗುರಿಗೆಂದು ಎತ್ತಿಕೊಂಡು ಹೊರಡಬಾರದು; ಒಂದೇ ಸೇನೆಯಿರುವ ಗ್ರಹ ಯಾರ ಕೈಗೆ ಬೇಕಾದರೂ ಹೋಗುತ್ತದೆ.

ಬಾಂಬ್ ದಾಳಿಯನ್ನೂ ಸೇನೆಯ ಇಳಿಸುವಿಕೆಯನ್ನೂ ಒಬ್ಬರೇ ಮಾಡಬೇಕೆಂಬ ನಿಯಮವಿಲ್ಲ. ಅಂಕವಿಲ್ಲದ ಆಟಗಾರ ಮೊದಲು ಹೋಗಿ ಬಾಂಬ್ ಹಾಕಿ ಗ್ರಹವನ್ನು ಬಡಕಲು ಮಾಡಿ, ಅಂಕವಿರುವವರು ಸೇನೆ ಹೊತ್ತು ಹಿಂದಿನಿಂದ ಬರುವುದು ಎಲ್ಲಕ್ಕಿಂತ ಒಳ್ಳೆಯ ವ್ಯವಸ್ಥೆ. ಮೊದಲಿನವನು ಸತ್ತರೂ ನಷ್ಟವಿಲ್ಲ. ಹೀಗೆ ಕೆಲಸ ಹಂಚಿಕೊಂಡ ಇಬ್ಬರು, ತಲೆಗೊಂದು ದಿಕ್ಕಿಗೆ ಓಡುವ ನಾಲ್ವರಿಗಿಂತ ಹೆಚ್ಚು ಗ್ರಹಗಳನ್ನು ಗೆಲ್ಲುತ್ತಾರೆ.

ಶತ್ರುವಿನ ಕೈಯಲ್ಲೂ ಇದೇ ಲೆಕ್ಕವಿರುವುದರಿಂದ, ಓರೆಗೆರೆಯ ಕೀಲಿ ಒತ್ತಿ ಆಟಗಾರರ ಪಟ್ಟಿಯನ್ನು ಆಗಾಗ ನೋಡುತ್ತಿರಬೇಕು. ಹೆಚ್ಚು ಅಂಕವಿರುವ ಶತ್ರುವೇ ಸೇನೆ ಹೊತ್ತು ಬರುವವನು. ಉಳಿದವರನ್ನು ಬಿಟ್ಟು ಅವನನ್ನು ಹುಡುಕಬೇಕು. ಅವನೊಬ್ಬನನ್ನು ದಾರಿಯಲ್ಲಿ ಉರುಳಿಸಿದರೆ ಅವನ ತಂಡದ ಅಷ್ಟೂ ಹೊತ್ತಿನ ಶ್ರಮ ವ್ಯರ್ಥವಾಗುತ್ತದೆ.

ಉಳಿದ ಕೆಲವು ಸಂಗತಿಗಳು

ದೊಡ್ಡ ಅಕ್ಷರದ ಸಿ ನೌಕೆಯನ್ನು ಮರೆಮಾಡುತ್ತದೆ. ಇಂಧನ ಬಹುಬೇಗ ಕರಗುತ್ತದೆ, ಮರೆಯಲ್ಲಿದ್ದಾಗ ಗುಂಡು ಹಾರಿಸಲು ಆಗುವುದಿಲ್ಲ, ಚಲಿಸುತ್ತಿದ್ದರೆ ನಿಮ್ಮ ಅಂದಾಜು ಸ್ಥಾನ ಶತ್ರುವಿಗೆ ತಿಳಿಯುತ್ತಲೇ ಇರುತ್ತದೆ. ಸೇನೆ ಹೊತ್ತು ಗುರಿಯನ್ನು ತಲುಪುವ ಕೊನೆಯ ಹಂತಕ್ಕೆ ಇದು ಹೇಳಿಮಾಡಿಸಿದ ಸಾಧನ, ಯುದ್ಧಕ್ಕಲ್ಲ.

ಸಣ್ಣ ಅಕ್ಷರದ ಎಂ ಸಂದೇಶ ಕಳುಹಿಸಲು. ಒಬ್ಬರಿಗೋ, ತಂಡಕ್ಕೋ, ಎಲ್ಲರಿಗೋ ಬರೆಯಬಹುದು. ಸಂದೇಶ ಬರೆಯುತ್ತಿರುವಾಗ ಕೀಲಿಗಳೆಲ್ಲ ಅಕ್ಷರಗಳಾಗಿರುವುದರಿಂದ ನೌಕೆ ನಿಮ್ಮ ಹಿಡಿತದಲ್ಲಿರುವುದಿಲ್ಲ. ಆಪತ್ತಿನಲ್ಲಿ ವಾಕ್ಯ ಕಟ್ಟುತ್ತಾ ಕೂರದೆ ದೊಡ್ಡ ಅಕ್ಷರದ ಇ ಒತ್ತಿದರೆ ನಿಮ್ಮ ನೌಕೆಯ ದುಃಸ್ಥಿತಿಯ ವಿವರ ತಾನಾಗಿಯೇ ತಂಡಕ್ಕೆ ಹೋಗುತ್ತದೆ. ಎಂಜಿನ್ ಕೆಟ್ಟ ಸ್ನೇಹನೌಕೆಯನ್ನು ಸಣ್ಣ ಅಕ್ಷರದ ಟಿ ಮೂಲಕ ಎಳೆದೊಯ್ಯಬಹುದು.

ಒಬ್ಬರೇ ಅಭ್ಯಾಸ ಮಾಡುವವರಿಗೆ ಯಂತ್ರವೇ ನಡೆಸುವ ರೋಬಾಟ್ ನೌಕೆಗಳು ಎದುರಾಗುತ್ತವೆ. ಕೋನದ ಅಂದಾಜು ಕಲಿಯಲು ಅವು ಸಾಕು. ಆಗಾಗ ಡೂಮ್ಸ್‌ಡೇ ಯಂತ್ರವೆಂಬ ದೈತ್ಯವೂ ವಿಶ್ವದಲ್ಲಿ ಕಾಣಿಸಿಕೊಂಡು, ಗ್ರಹಗಳ ಸೇನೆಗಳನ್ನೂ ಎದುರಿಗೆ ಸಿಕ್ಕ ನೌಕೆಗಳನ್ನೂ ನುಂಗುತ್ತಾ ಸಾಗುತ್ತದೆ. ಅದರ ಹಾದಿಯಿಂದ ಸರಿಯುವುದು ಹೊಸಬರಿಗೆ ಕ್ಷೇಮ.

ಸಣ್ಣ ಮತ್ತು ದೊಡ್ಡ ಅಕ್ಷರಗಳ ನಡುವಿನ ವ್ಯತ್ಯಾಸದ ಬಗ್ಗೆ ಎಷ್ಟು ಎಚ್ಚರಿಸಿದರೂ ಕಡಿಮೆಯೇ. ಕ್ಯಾಪ್ಸ್ ಲಾಕ್ ಒತ್ತಿಹೋಗಿದ್ದರೆ ಶತ್ರುವಿನ ಟಾರ್ಪಿಡೊ ಸಿಡಿಸಲು ಹೋಗಿ ನಿಮ್ಮದನ್ನೇ ಸಿಡಿಸಿಕೊಳ್ಳುತ್ತೀರಿ. ಆಟಕ್ಕೆ ಕೂರುವ ಮುನ್ನ ಆ ಕೀಲಿಯನ್ನು ನಿಷ್ಕ್ರಿಯಗೊಳಿಸಿಬಿಡುವುದು ಒಳ್ಳೆಯದು. ಯಾವ ಕೀಲಿ ಯಾವುದಕ್ಕೆಂದು ಮರೆತಾಗ ಸಣ್ಣ ಅಕ್ಷರದ ಎಚ್ ಪಟ್ಟಿಯನ್ನು ತೋರಿಸುತ್ತದೆ, ಆದರೆ ಪಟ್ಟಿ ಓದುತ್ತಿರುವಾಗಲೂ ನೌಕೆ ಹೋಗುತ್ತಲೇ ಇರುತ್ತದೆ. ಮೊದಲು ಸ್ವಂತ ಗ್ರಹದ ಕಕ್ಷೆ ಸೇರಿ, ಅನಂತರ ಓದಿ.

ಆಟ ಬಿಡುವುದು, ಆಟ ಮುಗಿಯುವುದು

ಟರ್ಮಿನಲ್ಲನ್ನು ಹಾಗೆಯೇ ಬಿಟ್ಟು ಎದ್ದು ಹೋಗಬಾರದು. ಕಾಯುವವರು ಹಿಂದೆ ನಿಂತಿದ್ದ ಕಾಲದಲ್ಲಿ ಅದು ಮರ್ಯಾದೆಯ ಪ್ರಶ್ನೆಯಾಗಿತ್ತು. ಇಂದಿಗೂ, ಒಡೆಯನಿಲ್ಲದ ನೌಕೆ ಶತ್ರುವಿಗೆ ಸುಲಭವಾಗಿ ಸಿಗುವ ಅಂಕ. ಸರಿಯಾದ ಕ್ರಮವೆಂದರೆ ದೊಡ್ಡ ಅಕ್ಷರದ ಕ್ಯೂ ಒತ್ತಿ ಸ್ವಯಂನಾಶಕ್ಕೆ ಆದೇಶ ಕೊಡುವುದು. ಎಣಿಕೆ ಇಳಿಯುತ್ತಾ ಬಂದು ನೌಕೆ ಸಿಡಿಯುತ್ತದೆ, ಸಮೀಪದಲ್ಲಿದ್ದವರಿಗೂ ಆ ಸಿಡಿತ ತಟ್ಟುತ್ತದೆ. ಆದ್ದರಿಂದ ತಂಡದವರ ನಡುವೆ ಇದ್ದಾಗ ಇದನ್ನು ಒತ್ತಬೇಡಿ. ಶತ್ರುಗಳು ಸುತ್ತುವರಿದಿದ್ದರೆ ಧಾರಾಳವಾಗಿ ಒತ್ತಬಹುದು. ಯಂತ್ರದ ಮೇಲ್ವಿಚಾರಕರು ಆಪರೇಟರ್ ಕಾರ್ಯಕ್ರಮದಿಂದ ಆಟವನ್ನೇ ಮುಚ್ಚಬಹುದು; ಆ ಯಂತ್ರ ಬೇರೆ ಕೆಲಸಗಳಿಗಾಗಿಯೇ ಇದ್ದ ಕಾಲದಲ್ಲಿ ಇದು ಅನಿವಾರ್ಯ ಏರ್ಪಾಟಾಗಿತ್ತು.

ಗೆಲ್ಲಲು ಬೇಕಾದ ಗ್ರಹಗಳೆಲ್ಲ ಒಂದೇ ತಂಡದ ವಶವಾದಾಗ, ಕೊನೆಯ ಗ್ರಹವನ್ನು ಗೆದ್ದ ಆಟಗಾರನಿಗೆ ವಿಶ್ವವಿಜೇತನೆಂಬ ಹೆಸರು ಬರುತ್ತದೆ. ಎಲ್ಲರೂ ಓದುವಂತೆ ಕೊನೆಯ ಮಾತೊಂದನ್ನು ಬರೆದಿಡಲು ಆಟವು ಅವನನ್ನು ಕೇಳುತ್ತದೆ. ಅನಂತರ ಗ್ರಹಗಳು ತಮ್ಮ ಮೊದಲಿನ ಒಡೆಯರಿಗೆ ಹಿಂದಿರುಗಿ, ವಿಶ್ವ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಆಟಗಾರರ ಈವರೆಗಿನ ಅಂಕಿ ಅಂಶಗಳು ಮಾತ್ರ ದೊಡ್ಡ ಅಕ್ಷರದ ಯು ಒತ್ತಿದಾಗ ಬರುವ ಪಟ್ಟಿಯಲ್ಲಿ ಉಳಿದಿರುತ್ತವೆ.